ಬೆನ್ನಿನ ಕಿಟಕಿ

ನಮ್ಮೂರಿನಲ್ಲಿ ಟೈಲರ್ ಆಗಬೇಕಾದರೆ ಮೊದಲು ಕಲಿಯಬೇಕಾದದ್ದು ಕಾಜಾ ಹಾಕುವುದಲ್ಲ, ಬೆನ್ನಿಗೆ ಕಿಟಕಿ ಇಡುವುದು. ಗಂಡಸರ ಅಂಗಿಗಾಗಲಿ, ಹೆಂಗಸರ ಉದ್ದ ರವಿಕೆಗಾಗಲಿ, ಸೊಂಟದಿಂದ ನಾಲ್ಕು ಬೆರಳು ಮೇಲೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಬಾಗಿಲು, ಅದಕ್ಕೆ ಎರಡೆರಡು ಗುಂಡಿ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ಸಲ ಇದನ್ನು ನೋಡಿ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಾರೆ. ನಗಲಿ, ಒಂದು ವರ್ಷ ಕಳೆದರೆ ಅವರೇ ಬಂದು, ‘ಬೋರಕ್ಕ, ಕಿಟಕಿಗೆ ಒಂದು ಲೇಸು ಹಾಕ್ಕೊಡಿ’ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಈ ಊರಿನ ಬೆನ್ನುಗಳನ್ನೆಲ್ಲ ಅಳೆದವಳು ನಾನು. ಮುಖ ಮರೆತರೂ ಬೆನ್ನು ಮರೆಯುವುದಿಲ್ಲ.

ಆಶ್ವೀಜದ ಮಳೆ ನಿಂತು ಮೊದಲ ಬಿಸಿಲು ಬಿದ್ದ ದಿನ ನಮ್ಮೂರವರ ಸೊಂಟದ ಸುತ್ತಿನ ಚರ್ಮ ಗಾಜಾಗುತ್ತದೆ. ಬೆಳಗ್ಗೆ ಸೂರ್ಯ ಹುಟ್ಟಿದಾಗ ಶುರು, ಮಧ್ಯಾಹ್ನಕ್ಕೆ ಮುಗಿಯಿತು. ಅವತ್ತು ಶಾಲೆಯ ಅಂಗಳದಲ್ಲಿ ಊರಿಗೆ ಊರೇ ಬೆನ್ನು ತಿರುಗಿಸಿಕೊಂಡು ಸಾಲು ನಿಲ್ಲುತ್ತದೆ. ಗಡಿಯಾರ ರಿಪೇರಿಯ ಮರಿಸಿದ್ದಯ್ಯ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಬ್ಬೊಬ್ಬರ ಕಿಟಕಿ ತೆಗೆದು ಒಳಗಿನ ಎರಡು ಕಿಡ್ನಿ ನೋಡಿ ವಯಸ್ಸು ಹೇಳುತ್ತಾನೆ. ಅವನು ಹೇಳಿದ್ದೇ ಆ ವರ್ಷದ ವಯಸ್ಸು. ಹುಟ್ಟಿದ ತಾರೀಕು ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಬೇಕಾಗುತ್ತದೆ, ಆಮೇಲೆ ಅದನ್ನು ಕೇಳುವವರೇ ಇಲ್ಲ. ಚರ್ಮ ಮುಂದೆಯೂ ಗಾಜಾಗುತ್ತದೆ ಅನ್ನಿ. ಆದರೆ ಮುಂದೆ ನೋಡಿದರೆ ಏನಿದೆ, ನಿನ್ನೆ ತಿಂದ ಮುದ್ದೆ, ಸೊಪ್ಪಿನ ಸಾರು! ಅದನ್ನು ನೋಡುವ ಕರ್ಮ ಯಾರಿಗೆ ಬೇಕು? ಹಾಗಾಗಿ ಹಿಂದೆ ಕಿಟಕಿ, ಮುಂದೆ ದಪ್ಪ ಬಟ್ಟೆ.

ಮರಿಸಿದ್ದಯ್ಯ ಓದುವ ಬಗೆ ಹೀಗೆ. ಎಳೆಯ ಕಿಡ್ನಿ ಕೆಂಪಗೆ, ನುಣ್ಣಗೆ, ಒಂದು ಮುಷ್ಟಿಯಷ್ಟಿರುತ್ತದೆ. ಒಂದೊಂದರ ಒಳಗೂ ಹತ್ತು ಲಕ್ಷ ಸಣ್ಣ ಜರಡಿಗಳಂತೆ. ನಾವು ಕುಡಿದದ್ದು ತಿಂದದ್ದೆಲ್ಲ ರಕ್ತವಾಗಿ ಅಲ್ಲಿ ಸೋಸಿಕೊಂಡು ಹೋಗಬೇಕು. ನಲವತ್ತು ದಾಟಿತೋ, ಜರಡಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಜಾಗ ಮಾಗಿದ ಗಾಯದ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಉಳಿದವು ಪಾಪ, ಮುಚ್ಚಿದವುಗಳ ಕೆಲಸವನ್ನೂ ಮೈಮೇಲೆ ಎಳೆದುಕೊಂಡು ಊದಿಕೊಳ್ಳುತ್ತವೆ. ಮೇಲ್ಭಾಗ ತಗ್ಗುದಿಣ್ಣೆಯಾಗಿ, ಕಿಡ್ನಿಯೇ ವರ್ಷವರ್ಷಕ್ಕೆ ಕುಗ್ಗುತ್ತಾ ಬರುತ್ತದೆ. ‘ಹೆದರ್ಕೋಬೇಡಿ, ಸಾಯೋವರ್ಗೂ ಸಾಲೋವಷ್ಟು ಜರಡಿ ಉಳಿದಿರ್ತವೆ’ ಎಂದು ಅವನು ಎಲ್ಲರಿಗೂ ಒಂದೇ ರಾಗದಲ್ಲಿ ಹೇಳುತ್ತಾನೆ.

ಕಿಡ್ನಿಗೆ ವಯಸ್ಸಾದರೆ ಮನುಷ್ಯ ದೊಡ್ಡವನು. ಚಿಕ್ಕವರು ಎದ್ದು ಜಾಗ ಬಿಡಬೇಕು, ಅಣ್ಣ ಅಕ್ಕ ಎನ್ನಬೇಕು, ಮನೆಯಲ್ಲಿ ಅವರ ಮಾತೇ ನಡೆಯಬೇಕು. ನನಗೆ ನಲವತ್ತೇಳು, ನನ್ನ ಕಿಡ್ನಿ ಜೋಡಿಗೆ ಐವತ್ತೈದು. ನಾನು ಒಳಗೆ ಬಂದರೆ ನನ್ನ ಗಂಡ ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಲ್ಲುತ್ತಾನೆ. ಇದೊಂದಕ್ಕೆ ನನಗೆ ಈ ಪದ್ಧತಿಯ ಮೇಲೆ ಪ್ರೀತಿ. ಮರದ ಮಿಲ್ಲಿನ ಕೆಂಪರಾಜನಿಗೆ ಮೂವತ್ತಾರು. ಬಿ.ಪಿ. ಮಾತ್ರೆ ಕೊಟ್ಟರೆ ಬಾಯಿಗೆ ಹಾಕುವುದಿಲ್ಲ, ಊಟಕ್ಕೆ ಮೂರು ತುಂಡು ಉಪ್ಪಿನಕಾಯಿ ಬೇಕು. ಅವನ ಜೋಡಿ ಎಪ್ಪತ್ತಕ್ಕೆ ಹೋಗಿದೆ. ಅವನು ಮೀಸೆ ತಿರುವುತ್ತಾ ಬಂದರೆ ಅವನ ಹೆಣ್ಣು ಕೊಟ್ಟ ಮಾವನೇ ಎದ್ದು, ‘ಬನ್ನಿ ಅಣ್ಣಯ್ಯ’ ಎನ್ನಬೇಕು. ಎಲ್ಲರಿಗಿಂತ ಹಿರಿಯ ಜೋಡಿ ಇದ್ದವರಿಗೆ ಹಿರೀಕರ ಕುರ್ಚಿ. ಅದರಲ್ಲಿ ಕೂತವರು ಯಾರು ಬಂದರೂ ಏಳುವ ಹಾಗಿಲ್ಲ.

ಈಗ ಆ ಕುರ್ಚಿಯಲ್ಲಿ ಕೂತಿದ್ದವಳ ಕಥೆಗೆ ಬರುತ್ತೇನೆ. ನಮ್ಮ ಬೀದಿಯಲ್ಲಿ ಅಕ್ಕತಂಗಿ ಇಬ್ಬರು, ದೇವೀರಮ್ಮ ಮತ್ತು ಪುಟ್ಟತಾಯಮ್ಮ. ಇಬ್ಬರೂ ಸೇರಿ ಚಕ್ಕುಲಿ ಕೋಡುಬಳೆ ಮಾಡಿ ಮಾರುತ್ತಾರೆ. ಹುಟ್ಟಿದ ಲೆಕ್ಕದಲ್ಲಿ ದೇವೀರಮ್ಮ ಎಂಟು ವರ್ಷಕ್ಕೆ ದೊಡ್ಡವಳು, ಮತ್ತು ಎಂಥ ದೊಡ್ಡವಳು ಅಂತೀರಿ! ಪುಟ್ಟತಾಯಿ ಏನು ಉಡಬೇಕು, ಏನು ಉಣ್ಣಬೇಕು, ಯಾರನ್ನು ಕಟ್ಟಿಕೊಳ್ಳಬೇಕು, ಎಲ್ಲ ಇವಳೇ ತೀರ್ಮಾನ ಮಾಡಿದ್ದು. ಪುಟ್ಟತಾಯಿ ಮದುವೆಯವರೆಗೂ ಅಕ್ಕನ ಹಳೇ ಲಂಗದಲ್ಲೇ ಬೆಳೆದಳು. ಅಕ್ಕ ಕೂರು ಎಂದರೆ ಕೂತಳು, ಏಳು ಎಂದರೆ ಎದ್ದಳು.

ಹನ್ನೆರಡು ವರ್ಷದ ಹಿಂದೆ ಪುಟ್ಟತಾಯಿ ಊದಿಕೊಂಡು ಹಾಸಿಗೆ ಹಿಡಿದಳು. ಕಿಡ್ನಿ ಎರಡೂ ಕೈಕೊಟ್ಟಿವೆ ಎಂದರು. ದೇವೀರಮ್ಮ ಯಾರನ್ನೂ ಕೇಳಲಿಲ್ಲ, ಸೆರಗು ಬಿಗಿದು ಹೊಳೆಯಾಚೆಯ ದೊಡ್ಡಾಸ್ಪತ್ರೆಗೆ ಹೋಗಿ ತನ್ನದೊಂದನ್ನು ತಂಗಿಗೆ ಕೊಟ್ಟಳು. ಐದನೇ ದಿನಕ್ಕೆ ಪಕ್ಕೆಗೆ ಹೊಲಿಗೆ ಹಾಕಿಸಿಕೊಂಡು ಬಂದು ಚಕ್ಕುಲಿ ಒರಳಿನ ಮುಂದೆ ಕೂತಳು. ತಂಗಿ ಎರಡು ತಿಂಗಳು ಬಿಟ್ಟು ನಡೆದುಕೊಂಡು ಬಂದಳು. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆವು.

ಆ ವರ್ಷದ ಗಾಜಿನ ದಿನ ಮರಿಸಿದ್ದಯ್ಯ ಪುಟ್ಟತಾಯಿಯ ಕಿಟಕಿ ತೆಗೆದವನು ಮಸೂರ ಒರೆಸಿಕೊಂಡು ಮತ್ತೆ ನೋಡಿದ. ಒಳಗೆ ಎರಡು ಸಣ್ಣ, ಸುಕ್ಕುಗಟ್ಟಿದ, ಬೆಳ್ಳಗಿನ ಉಂಡೆ. ‘ತೊಂಬತ್ತು ದಾಟದೆ’ ಎಂದ. ದೇವೀರಮ್ಮನ ಬೆನ್ನಿನಲ್ಲಿ ಒಂದೇ ಒಂದು, ಅದೂ ಎರಡರ ಕೆಲಸ ಮಾಡಿ ದಪ್ಪಗೆ ಮೈತುಂಬಿಕೊಂಡು ಮಿರಮಿರ ಮಿಂಚುತ್ತಿತ್ತು. ‘ನಲವತ್ತೈದು’ ಎಂದ. ಕೊಟ್ಟವಳು ಚಿಕ್ಕವಳಾದಳು, ಪಡೆದವಳು ದೊಡ್ಡವಳಾದಳು! ಅಕ್ಕನ ಕಿಡ್ನಿ ತಂಗಿಗೆ ಒಗ್ಗಲಿಲ್ಲ, ಒಳಗೇ ಒಣಗಿಹೋಯಿತು ಎಂದು ಊರವರು ಲೊಚಗುಟ್ಟಿದರು. ಹಳೇ ಬಲ್ಬು ತೆಗೆದು ಹೊಸದು ಸಿಕ್ಕಿಸುವಂತೆ ಡಾಕ್ಟರು ಒಂದನ್ನು ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನು ಇಟ್ಟಿದ್ದಾರೆ ಎಂದೇ ಎಲ್ಲರ ಲೆಕ್ಕ. ನನ್ನದೂ ಅದೇ ಲೆಕ್ಕವಾಗಿತ್ತು.

ಅಲ್ಲಿಂದ ಆ ಮನೆ ತಲೆಕೆಳಗಾಯಿತು. ಪುಟ್ಟತಾಯಿ ಬಾಗಿಲಿಗೆ ಬಂದರೆ ದೇವೀರಮ್ಮ ಮಂಡಿಗೆ ಕೈಕೊಟ್ಟು ಏಳಬೇಕು. ‘ಅಕ್ಕಯ್ಯ, ಎಣ್ಣೆ ಕಾದದೆ, ಬಿಡ್ಲಾ?’ ಎಂದು ತಂಗಿಯನ್ನು ಕೇಳಬೇಕು. ಪುಟ್ಟತಾಯಿ ಮಣೆಯ ಮೇಲೆ ಕಾಲು ನೀಡಿ, ‘ಬಿಡು ದೇವೀರಾ’ ಎನ್ನುವಾಗ ಅವಳ ಮುಖ ನೋಡಬೇಕಿತ್ತು, ಹೊಸ ಸೀರೆ ಕಂಡ ಮುಖ. ಎಲ್ಲಕ್ಕಿಂತ ದೊಡ್ಡ ಅನಾಹುತ ಉಪ್ಪಿನದು. ಡಾಕ್ಟರು ಪುಟ್ಟತಾಯಿಗೆ ಉಪ್ಪು ಕಡಿಮೆ ತಿನ್ನು ಎಂದಿದ್ದರು. ಹಿರಿಯಳು ತಿನ್ನದ್ದನ್ನು ಮಿಕ್ಕವರು ತಿನ್ನುವುದುಂಟೇ? ಹಿಟ್ಟಿಗೆ ಹಾಕುವ ಉಪ್ಪು ಅರ್ಧಕ್ಕೆ ಇಳಿಯಿತು. ಹೋದ ವರ್ಷ ಹಿರೀಕರ ಕುರ್ಚಿಗೇ ಏರಿದ ಮೇಲೆ ಕಾಲು ಭಾಗಕ್ಕೆ ಇಳಿಯಿತು. ಆ ಚಕ್ಕುಲಿ ತಿಂದರೆ ಕಡಿದ ಸದ್ದು ಬರುತ್ತಿತ್ತೇ ಹೊರತು ರುಚಿ ಬರುತ್ತಿರಲಿಲ್ಲ.

ದೇವೀರಮ್ಮ ಒಳಗೊಳಗೇ ಕುದಿಯುತ್ತಿದ್ದಾಳೆ, ಇವತ್ತಲ್ಲ ನಾಳೆ ಒರಳು ಎತ್ತಿ ಬಿಸಾಡುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಸುಳ್ಳೇಕೆ, ನೋಡಲು ಆಸೆಯೂ ಇತ್ತು. ಅವಳು ಚಕ್ಕುಲಿ ಒತ್ತುತ್ತಲೇ ಇದ್ದಳು. ಈ ಸಲ ಗಾಜಿನ ದಿನಕ್ಕೆ ನಾಲ್ಕೈದು ದಿನ ಇದೆ ಎನ್ನುವಾಗ ನನ್ನ ಅಂಗಡಿಗೆ ಬಂದಳು. ನನಗಿಂತ ಹದಿನೇಳು ವರ್ಷ ದೊಡ್ಡವಳು ನನ್ನನ್ನು ಅಕ್ಕ ಎನ್ನುವುದು, ನಾನು ಅವಳನ್ನು ಹೆಸರು ಹಿಡಿದು ಕರೆಯುವುದು, ಹನ್ನೆರಡು ವರ್ಷವಾದರೂ ನನ್ನ ಗಂಟಲಿಗೆ ಒಗ್ಗಿರಲಿಲ್ಲ.

‘ಬೋರಕ್ಕ, ಸಡಿಲವಾಗಿ ಎರಡು ರವಿಕೆ ಹೊಲ್ಕೊಡು. ಮುಂದೆ ಗುಂಡಿ ಇರ್ಲಿ, ಮಲಗಿದ್ರೂ ತೊಡ್ಸೋಕೆ ಸುಲಭ ಆಗ್ಬೇಕು’ ಎಂದಳು.

‘ಮಲಗೋದು ಯಾಕಮ್ಮಾ? ಏನಾಗದೆ ನಿಂಗೆ?’ ಎಂದೆ.

ಅವಳು ಹಿಂದೆ ಮುಂದೆ ನೋಡಿ, ಮೆಷಿನ್ನಿನ ಪಕ್ಕದ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ‘ಹೋದ್ಸಲ ಅವಳ ಬೆನ್ನು ನೋಡ್ಲಿಲ್ವಾ ನೀನು? ಎರಡೂ ಒಣಗಿದ ಅವರೆಕಾಳಿನ ಹಂಗಾಗವೆ. ಅದ್ರಲ್ಲೊಂದು ನಂದು ಕಣಕ್ಕ. ನಾನು ಕೊಟ್ಟಾಗ ಗುಂಡು ಬದನೆಕಾಯಿ ಹಂಗಿತ್ತು. ಊರೋರು ದೊಡ್ಡೋಳಾದ್ಲು ಅಂತ ಅವಳ ಕಾಲಿಗೆ ಬೀಳ್ತಾರೆ. ನಂಗೆ ಮಾತ್ರ ವರ್ಷವರ್ಷ ಅವಳು ಸಾಯ್ತಾ ಅವ್ಳೆ ಅಂತಲೇ ಕಾಣ್ತದೆ.’ ಕಣ್ಣು ಒರೆಸಿಕೊಂಡಳು. ‘ನಂದು ಇನ್ನೂ ಗಟ್ಟಿಯಾಗದೆ. ಗಾಜಿನ ದಿನ ಬೆನ್ನು ತೋರ್ಸಿ, ಹತ್ತೂವರೆ ಬಸ್ಸಿಗೆ ಹೋಗ್ಬುಡ್ತೀನಿ. ಇರೋ ಇದೊಂದನ್ನೂ ಅವಳಿಗೆ ಹಾಕ್ಬುಡಿ ಅಂತ ಡಾಕ್ಟ್ರಿಗೆ ಹೇಳ್ತೀನಿ.’

ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ‘ಅಯ್ಯೋ ನಿನ್ನ! ಇರೋದನ್ನೂ ಕೊಟ್ಟು ನೀನೇನ್ ಮಾಡ್ತೀಯ? ಯಾವ ಡಾಕ್ಟ್ರು ಒಪ್ತಾನೆ?’

‘ಈ ಡಾಕ್ಟ್ರು ಒಪ್ದಿದ್ರೆ ಇನ್ನೊಬ್ಬ ಡಾಕ್ಟ್ರು. ನಾನು ಅರವತ್ನಾಲ್ಕು ವರ್ಷ ತಿಂದುಂಡು ಓಡಾಡಿದ್ದಾಯ್ತು ಬಿಡು. ಅವಳಿನ್ನೂ ಚಿಕ್ಕೋಳು’ ಎಂದಳು.

ಹಿರೀಕರ ಕುರ್ಚಿಯಲ್ಲಿ ಕೂತವಳನ್ನು ಚಿಕ್ಕೋಳು ಎನ್ನುವುದು ನಮ್ಮೂರಿನಲ್ಲಿ ದೊಡ್ಡ ತಪ್ಪು. ಪಂಚಾಯ್ತಿ ಸೇರಿಸಿ ಛೀಮಾರಿ ಹಾಕುತ್ತಾರೆ. ನನಗೆ ಕೇಳಿಸಲೇ ಇಲ್ಲವೆಂಬಂತೆ ಅಳತೆ ಟೇಪು ತೆಗೆದುಕೊಂಡೆ. ಯಾರಿಗೂ ಹೇಳಬಾರದೆಂದು ತನ್ನ ತಲೆಯ ಮೇಲೆ ನನ್ನ ಕೈ ಇಟ್ಟು ಆಣೆ ಮಾಡಿಸಿಕೊಂಡಳು. ನನ್ನ ಬಾಯಿ ಎಂಥದೆಂದು ಗೊತ್ತಿದ್ದೂ ಹೇಳಿದಳೆಂದರೆ ಅವಳಿಗೆ ಇನ್ನೆಷ್ಟು ಸಂಕಟ ಇದ್ದಿರಬೇಕು.

ಮಾರನೆಯ ದಿನ ಪುಟ್ಟತಾಯಿ ಲಂಗ ಹೊಲಿಸಲು ಬಂದಳು. ಅವಳದು ಯಾವಾಗಲೂ ಒಂದೇ ರಗಳೆ. ‘ಲಾಡಿ ಬಲಗಡೆ ಒತ್ಬಾರ್ದು ಕಣೇ ಬೋರಿ. ಗಂಟು, ನೆರಿಗೆ ಎಲ್ಲ ಎಡಕ್ಕೆ ಬರ್ಲಿ.’ ಹನ್ನೆರಡು ವರ್ಷದಿಂದ ಹೀಗೇ ಹೊಲಿಸುತ್ತಾಳೆ. ಅಳತೆ ತೆಗೆಯುವಾಗ ಬಲಗಡೆ ಕಿಬ್ಬೊಟ್ಟೆಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ನಲ್ಲಿ ಹತ್ತಿರ ಯಾರ ಬಿಂದಿಗೆಯಾದರೂ ಆ ಕಡೆ ತಗುಲೀತು ಎಂದರೆ ಬೀದಿಯೇ ಬೆಚ್ಚುವಂತೆ ಕಿರುಚುತ್ತಾಳೆ. ಕುರ್ಚಿ ಸಿಕ್ಕ ಜಂಬ, ಕೂತು ಕೂತು ಬೊಜ್ಜು ಬಂದಿದೆ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡು ಲಾಡಿ ಎಡಕ್ಕೆ ತಿರುಗಿಸಿದೆ. ಅಕ್ಕನ ವಿಷಯ ನಾಲಗೆಯ ತುದಿಗೆ ಬಂದಿತ್ತು, ಬಾಯಿಗೆ ಎರಡು ಗುಂಡುಸೂಜಿ ಕಚ್ಚಿಕೊಂಡು ತಡೆದೆ.

ಗಾಜಿನ ದಿನ ಬಂತು. ಮರಿಸಿದ್ದಯ್ಯ ಪುಟ್ಟತಾಯಿಯ ಕಿಟಕಿಗೆ ಬಗ್ಗಿ, ‘ನೂರಾ ಮೂರು! ಇನ್ನೊಂದ್ ವರ್ಷಕ್ಕೆ ಇವು ಕಾಣೋದೂ ಅನುಮಾನ’ ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಸಾಲಿನಲ್ಲಿದ್ದ ದೇವೀರಮ್ಮ ಮಾತ್ರ ಕಂಬ ಹಿಡಿದುಕೊಂಡಳು. ಅವಳ ಸರದಿ ಬಂದಾಗ ‘ನಲವತ್ತೊಂಬತ್ತು’ ಎಂದ. ಅವಳು ಕಿಟಕಿಯ ಗುಂಡಿಯನ್ನೂ ಹಾಕಿಕೊಳ್ಳದೆ ಬ್ಯಾಗು ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ಬಿರಬಿರನೆ ಹೊರಟಳು.

ನಾನು ಆಣೆಯನ್ನು ನೆನೆಸಿಕೊಂಡೆ. ಆಣೆ ಮುರಿದರೆ ಅವಳ ತಲೆಗೆ ಕೇಡು, ಮುರಿಯದಿದ್ದರೆ ಅವಳ ಜೀವಕ್ಕೇ ಕೇಡು. ಲೆಕ್ಕ ಹಾಕಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಪುಟ್ಟತಾಯಿಯ ಕಾಲಿಗೆ ಬೀಳಲು ಕಾದಿದ್ದವರನ್ನೆಲ್ಲ ತಳ್ಳಿಕೊಂಡು ಹೋಗಿ ಕುರ್ಚಿಯ ತೋಳು ಹಿಡಿದು, ‘ಪುಟ್ಟತಾಯಕ್ಕ, ನಿಮ್ಮ ದೇವೀರ ಇನ್ನೊಂದು ಕಿಡ್ನಿನೂ ನಿಮಗೇ ಕೊಡ್ತೀನಿ ಅಂತ ಆಸ್ಪತ್ರೆಗೆ ಹೊರಟವ್ಳೆ. ಹತ್ತೂವರೆ ಬಸ್ಸು. ಬೆನ್ನಲ್ಲಿರೋದು ಒಣಗೋಯ್ತಂತೆ, ನೀವು ಸಾಯ್ತೀರಂತೆ’ ಎಂದೆ.

‘ಯಾರೇ ಹೇಳಿದ್ದು?’

‘ಅವಳೇ! ಅಳ್ತಾ ಹೇಳಿದ್ಲು!’

‘ಅಯ್ಯೋ, ಕೊಲೆ ಮಾಡ್ಬುಟ್ನಲ್ಲಪ್ಪ ನಾನು!’ ಎಂದು ಪುಟ್ಟತಾಯಿ ಎದ್ದಳು. ಹಿರೀಕರ ಕುರ್ಚಿಯಿಂದ ಎದ್ದಳು! ಮರಿಸಿದ್ದಯ್ಯ ಪೆನ್ನು ಬೀಳಿಸಿಕೊಂಡ. ನೂರಾ ಮೂರು ವರ್ಷದವಳು ಸೀರೆ ಎತ್ತಿಕಟ್ಟಿ ಓಡಿದಳು. ಅವಳ ಹಿಂದೆ ನಾನು, ನನ್ನ ಹಿಂದೆ ಊರು.

ಬಸ್ಸು ಹೊರಡುವುದರಲ್ಲಿತ್ತು. ಪುಟ್ಟತಾಯಿ ಮುಂದೆ ಹೋಗಿ ಎರಡು ಕೈ ಅಗಲಿಸಿ ನಿಂತಳು. ಡ್ರೈವರು ಹಾರನ್ನು ಹೊಡೆದರೆ ಅವನಿಗೇ ತಿರುಗಿ ಬೈದಳು. ‘ಇಳಿಯೇ ಕೆಳಕ್ಕೆ!’ ಎಂದು ಕಿಟಕಿಯತ್ತ ಕೂಗಿದಳು. ದೇವೀರಮ್ಮ ಬ್ಯಾಗು ಅವುಚಿಕೊಂಡು ಇಳಿದಳು. ಇಳಿದವಳು ಮೊದಲು ನೋಡಿದ್ದು ನನ್ನನ್ನು. ಆ ನೋಟ ನನಗೆ ಸಲ್ಲಬೇಕಾದದ್ದೇ.

‘ನೀನು ಹೋಗೋದೇನೂ ಬೇಡ. ನಂಗೇನೂ ಆಗಿಲ್ಲ’ ಎಂದಳು ಪುಟ್ಟತಾಯಿ ಏದುಸಿರು ಬಿಡುತ್ತಾ.

‘ಅಕ್ಕಯ್ಯ, ಬೆನ್ನಲ್ಲಿ ಎಲ್ಲಾ ಕಾಣ್ತದಲ್ಲ, ನಂಗೇ ಸುಳ್ಳು ಹೇಳ್ತೀಯಾ?’

‘ಬೆನ್ನು ಸುಟ್ಟೋಗ್ಲಿ! ಇಲ್ಲಿ ನೋಡು!’

ಹಾಗೆಂದವಳು ಸೆರಗು ಸರಿಸಿ, ಸೀರೆಯ ಅಂಚನ್ನು ಬಲಗಡೆ ನಾಲ್ಕು ಬೆರಳು ಕೆಳಗೆ ಜಗ್ಗಿದಳು. ನಾನೇ ಎಡಕ್ಕೆ ತಿರುಗಿಸಿದ್ದ ಲಾಡಿಯ ಗಂಟು ಆಚೆ ಪಕ್ಕದಲ್ಲಿತ್ತು. ಕಿಬ್ಬೊಟ್ಟೆಯ ಗಾಜಿನೊಳಗೆ, ನಾವ್ಯಾರೂ ಹನ್ನೆರಡು ವರ್ಷ ನೋಡದಿದ್ದ ಜಾಗದಲ್ಲಿ, ಕೆಂಪಗೆ, ದಪ್ಪಗೆ, ಒಂದು ಕಿಡ್ನಿ ಕೂತಿತ್ತು. ಗುಂಡು ಬದನೆಕಾಯಿಯಂತೆಯೇ ಇತ್ತು. ನಾನು ಹಣೆ ಚಚ್ಚಿಕೊಂಡೆ. ಬೊಜ್ಜು ಎಂದುಕೊಂಡಿದ್ದೆನಲ್ಲ, ನಾನೂ ಒಬ್ಬಳು ಟೈಲರು!

‘ಡಾಕ್ಟ್ರು ಹೊಸದನ್ನ ಮುಂದೇನೇ ಇಡೋದಂತೆ. ಹಳೇವು ಹಿಂದೆ ಅವುಗಳ ಪಾಡಿಗೆ ಬಿದ್ದಿರ್ಲಿ ಅಂದ್ರು’ ಎಂದಳು ಪುಟ್ಟತಾಯಿ, ತಲೆ ತಗ್ಗಿಸಿ. ‘ಬೆನ್ನಲ್ಲಿರೋವು ಎರಡೂ ನನ್ನವೇ. ಅವು ಕೆಲ್ಸ ಬಿಟ್ಟು ಹನ್ನೆರಡು ವರ್ಷ ಆಯ್ತು. ದುಡೀತಾ ಇರೋದು ನಿಂದು.’

ದೇವೀರಮ್ಮ ಅಲ್ಲೇ ನೆಲಕ್ಕೆ ಕುಕ್ಕರಿಸಿ, ಕಣ್ಣನ್ನು ಅದರ ಸಮಕ್ಕೆ ತಂದು ನೋಡಿದಳು. ಹನ್ನೆರಡು ವರ್ಷ ಸತ್ತುಹೋಯಿತೆಂದು ಒಬ್ಬಳೇ ಅತ್ತ ವಸ್ತು ಕಣ್ಣೆದುರಿಗೇ ಇತ್ತು. ‘ಒಣಗಿಲ್ಲ. ಒಣಗೇ ಇಲ್ವಲ್ಲೇ!’ ಎಂದು ಗಟ್ಟಿಯಾಗಿ ಅತ್ತಳು. ಬಸ್ಸಿನಲ್ಲಿದ್ದವರೂ ಕಿಟಕಿಯಿಂದ ತಲೆ ಹಾಕಿಕೊಂಡು ಅತ್ತರು. ಕಂಡಕ್ಟರು ಮೂಗು ಒರೆಸಿಕೊಂಡ.

ಆಮೇಲೆ ದೇವೀರಮ್ಮ ಎದ್ದಳು. ಎದ್ದು ತಂಗಿಯ ಭುಜಕ್ಕೆ ಫಟೀರನೆ ಒಂದು ಕೊಟ್ಟಳು.

‘ಮತ್ಯಾಕೇ ಬಾಯ್ಬಿಡ್ಲಿಲ್ಲ? ಹನ್ನೆರಡು ವರ್ಷ ಮಂಡಿನೋವು ಇಟ್ಕೊಂಡು ಎದ್ದೆದ್ದು ನಿಂತ್ನಲ್ಲೇ!’

‘ಹೇಳಿದ್ರೆ ಮತ್ತೆ ನೀನೇ ದೊಡ್ಡೋಳಾಗ್ತಿದ್ದೆ’ ಎಂದಳು ಪುಟ್ಟತಾಯಿ, ಭುಜ ಉಜ್ಜಿಕೊಳ್ಳುತ್ತಾ. ‘ಹುಟ್ಟಿದಾಗಿಂದ ನೀನು ಕೂರು ಅಂದಾಗ ಕೂತಿದ್ದೀನಿ. ಒಂದ್ಸಲ ನಾನಾಗೇ ಕೂರೋಣ ಅನ್ನಿಸ್ತು. ನೀನು ನನ್ನ ಬೆನ್ನು ನೋಡಿ ಹೆದರ್ಕೊಂಡಿದ್ದೀಯ ಅಂತ ನಂಗೇನು ಗೊತ್ತು? ಉರ್ಕೊಂಡಿದ್ದೀಯ ಅಂತ ಖುಷಿಯಾಗಿದ್ದೆ.’

ಮರಿಸಿದ್ದಯ್ಯ ಅಷ್ಟರಲ್ಲಿ ಮಸೂರ ಹಿಡಿದು ಬಂದು ನಿಂತಿದ್ದ. ‘ನನ್ನ ಜನ್ಮದಲ್ಲಿ ಹೊಟ್ಟೆ ಕಡೆ ಓದಿಲ್ಲ’ ಎಂದು ಗೊಣಗಿದ. ಅಕ್ಕನನ್ನು ಬೆನ್ನು ತಿರುಗಿಸಿ, ತಂಗಿಯನ್ನು ಮುಂದಕ್ಕೆ ತಿರುಗಿಸಿ ಅಕ್ಕಪಕ್ಕ ನಿಲ್ಲಿಸಿ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದ. ಅದೇ ಗಾತ್ರ, ಅದೇ ಬಣ್ಣ, ಮುಚ್ಚಿದ ಜರಡಿಗಳ ಬಿಳಿ ಚುಕ್ಕಿಯೂ ಅಷ್ಟಷ್ಟೇ. ‘ಇದೂ ನಲವತ್ತೊಂಬತ್ತು. ಒಂದೇ ಜೋಡಿ. ಇಬ್ಬರೂ ಸಮ’ ಎಂದ. ಸಮವಾದವರಲ್ಲಿ ಯಾರು ಯಾರಿಗೆ ಏಳಬೇಕೆಂದು ನಮ್ಮೂರ ಪದ್ಧತಿಯಲ್ಲಿ ಹೇಳಿಲ್ಲ. ಅವನೂ ಹೇಳಲಿಲ್ಲ.

ಎಲ್ಲರೂ ಶಾಲೆಯ ಅಂಗಳಕ್ಕೆ ವಾಪಸು ಬಂದೆವು. ಹಿರೀಕರ ಕುರ್ಚಿ ಖಾಲಿ ಇತ್ತು. ಲೆಕ್ಕದ ಪ್ರಕಾರ ಅದೀಗ ಎಪ್ಪತ್ತರ ಜೋಡಿಯ ಕೆಂಪರಾಜನಿಗೆ ಹೋಗಬೇಕು. ಅವನಾಗಲೇ ಕರವಸ್ತ್ರದಿಂದ ಅದರ ಧೂಳು ಹೊಡೆಯುತ್ತಿದ್ದ. ದೇವೀರಮ್ಮ ಹೋಗಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ‘ನಡಿಯೋ ಆಚೆ. ಇವಳ ಬೆನ್ನಲ್ಲಿರೋದು ವಯಸ್ಸಲ್ಲ, ಕಾಯಿಲೆ. ನಿಂದೂ ಅದೇ. ಮೂವತ್ತಾರಕ್ಕೆ ಎಪ್ಪತ್ತಂತೆ, ಅದಕ್ಕೆ ಮೀಸೆ ಬೇರೆ! ಅದೇ ಬಸ್ಸು ಇನ್ನೂ ನಿಂತದೆ. ಹೋಗಿ ಡಾಕ್ಟ್ರಿಗೆ ತೋರ್ಸು, ಮಾತ್ರೆ ನುಂಗು.’ ಅವನ ಮಾವ ಹಿಂದಿನಿಂದ, ‘ಹೇಳಿ ತಾಯಿ, ಹೇಳಿ’ ಎಂದ. ಕೆಂಪರಾಜ ಊರೆಲ್ಲ ನೋಡುತ್ತಿದೆಯೆಂದು ಬಸ್ಸಿನ ಕಡೆ ನಡೆದ.

ಅಕ್ಕತಂಗಿ ಕುರ್ಚಿಯ ಎರಡು ಪಕ್ಕ ನಿಂತರು. ಮಧ್ಯಾಹ್ನ ಹತ್ತಿರವಾಗಿ ಎಲ್ಲರ ಸೊಂಟದ ಗಾಜೂ ಮಸುಕಾಗುತ್ತಿತ್ತು. ಹನ್ನೆರಡು ವರ್ಷ ನಿಂತವಳು ಈಗ ಕೂತೇ ಕೂರುತ್ತಾಳೆ ಎಂದು ನಾನು ಕಾದೆ. ಪುಟ್ಟತಾಯಿಯೂ ಹಾಗೇ ತಿಳಿದು ಎರಡು ಹೆಜ್ಜೆ ಹಿಂದೆ ಸರಿದಳು. ಓಡಿದ ಸುಸ್ತಿಗೆ ಅವಳ ಕಾಲು ಇನ್ನೂ ನಡುಗುತ್ತಿತ್ತು, ಕೈ ಬಲಗಡೆಯ ಹೊಟ್ಟೆಯ ಮೇಲಿತ್ತು.

ದೇವೀರಮ್ಮ ಅದನ್ನು ನೋಡಿದಳು. ತಂಗಿಯ ರಟ್ಟೆ ಹಿಡಿದು ಕುರ್ಚಿಗೆ ಎಳೆದು ತಂದಳು.

‘ಕೂತ್ಕೊಳೇ ಪುಟ್ಟಿ. ನೀನು ನಿಂತ್ರೆ ನನ್ನ ಕಿಡ್ನಿಗೆ ಆಯಾಸ ಆಗ್ತದೆ.’

‘ಆಯ್ತಕ್ಕ’ ಎಂದು ಪುಟ್ಟತಾಯಿ ಕೂತಳು.